ಮೇಸ್ತ್ರಿ ತೂಕ ಇಳಿಸಿದ್ದು

ತೂಕದ ಯಂತ್ರ ಇಟ್ಟ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಚಿನ್ನದ ಗಣಿಯ ಒಂದು ಚಿಕ್ಕ ದವಾಖಾನೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಕೋರಮಂಡಲ್ ಕಡೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಔಷಧಿ ಕಲಸುವುದು, ಗಾಯ ಕಟ್ಟುವುದು, ಮುಳ್ಳು ನೋಡಿ ತೂಕ ಹೇಳುವುದು ನನ್ನ ಕೆಲಸ. ನಗುವುದು ಅದರಲ್ಲಿ ಸೇರಿರಲಿಲ್ಲ.

ಇವೆಲ್ಲ ಒಬ್ಬನೇ ಮನುಷ್ಯನಿಗೆ ಸೇರಿದ ಪ್ರಸಂಗಗಳು. ಆತ ನೆಲದ ಕೆಳಗೆ ಬಂಡೆ ಒಡೆಯುವ ಒಂದು ಗ್ಯಾಂಗಿನ ಮೇಸ್ತ್ರಿ. ಒಳ್ಳೆಯವನು. ದಪ್ಪ.

ಏಣಿ ದಾರಿ

ಆಯುಧಪೂಜೆ ಕಳೆದ ವಾರ. ಜನರನ್ನು ಇಳಿಸಿ ಹತ್ತಿಸುವ ಕೇಜು ಕೆಟ್ಟು ನಿಂತಿತು. ಕೆಳಗಿದ್ದವರು ಏಣಿ ಹತ್ತಿ ಬರಬೇಕಾಯಿತು. ಏಣಿ ದಾರಿಯಲ್ಲಿ ಅಲ್ಲಲ್ಲಿ ಹಲಗೆಯ ಅಟ್ಟ. ಅಟ್ಟದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ. ಆ ಕಿಂಡಿ ಕೊರೆದವನ ಮನಸ್ಸಿನಲ್ಲಿದ್ದ ಮನುಷ್ಯ ನಮ್ಮ ಮೇಸ್ತ್ರಿ ಅಲ್ಲ.

ಎದೆಯವರೆಗೆ ಮೇಲೆ ಬಂದ. ಹೊಟ್ಟೆ ಕೆಳಗೇ ಉಳಿಯಿತು.

ಕೆಳಗಿದ್ದವನು ಕೂಗಿದ: “ಮೇಸ್ತ್ರಿ, ಉಸ್ರು ಬಿಡಿ. ಸಣ್ಣ ಆಯ್ತೀರಾ.”

“ಬಿಟ್ಟಿದೀನಿ ಕಣ್ಲಾ. ತಿರ್ಗಾ ತಗಳಾಕೆ ಜಾಗ ಇಲ್ಲ.”

ಒಬ್ಬ ತಲೆ ಕೊಟ್ಟು ನೂಕಿದ. ಅವನನ್ನು ಇನ್ನೊಬ್ಬ ನೂಕಿದ. ಕೊನೆಗೆ ಮೇಸ್ತ್ರಿಯ ಬೆವರೇ ಎಣ್ಣೆಯಾಗಿ ಆತ ಜಾರಿ ಮೇಲೆ ಬಂದ.

ಮೇಲೆ ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ ದೊರೆ ಕಾಯುತ್ತಿದ್ದ. ಅವನು ಬೈಯಲಿಲ್ಲ. ಈ ದಿನ ಕೆಟ್ಟದ್ದು ಕೇಜು ಮಾತ್ರ, ಬಂಡೆ ಸಿಡಿದಿದ್ದರೆ ನಿನ್ನ ಕೆಳಗಿದ್ದ ಏಳು ಜನರಿಗೆ ದಾರಿ ಎಲ್ಲಿತ್ತು ಎಂದು ಕೇಳಿದ. ಯುಗಾದಿಯೊಳಗೆ ಹದಿನೈದು ಪೌಂಡು ಇಳಿಯಬೇಕು. ಇಲ್ಲವಾದರೆ ಮೇಲೆ ಅಂಗಳ ಗುಡಿಸುವ ಕೆಲಸ. ಗ್ಯಾಂಗು ಬೇರೆಯವನಿಗೆ.

ಮೇಸ್ತ್ರಿ ದವಾಖಾನೆಗೆ ಬಂದು ಅಂಗಿ ಬಿಚ್ಚಿದ. ಪಕ್ಕೆಯ ಚರ್ಮ ಎರಡೂ ಕಡೆ ಕಿತ್ತಿತ್ತು. ನಾನು ಟಿಂಚರ್ ಹಚ್ಚಿದೆ.

“ದೊರೆ ಏಳಿದ್ದು ನ್ಯಾಯವಾಗೈತೆ,” ಎಂದ. “ಆದ್ರೆ ಆ ಉಡುಗ್ರನ್ನ ಬಿಟ್ಟು ಮೇಲೆ ನಾನು ಏನು ಮಾಡ್ಲಿ ಸ್ವಾಮಿ?”

ನಾನು ಪಟ್ಟಿ ಕಟ್ಟಿದೆ. ಆತ ಸ್ವಲ್ಪ ಯೋಚಿಸಿ, “ಅತ್ತೋವಾಗ ಸಿಕ್ಕಾಕ್ಕಂಡೆ, ನಿಜ. ಇಳಿಯೋವಾಗ ಏನೂ ತೊಂದ್ರೆ ಇರ್ನಿಲ್ಲ,” ಎಂದ.

“ಇಳಿದದ್ದು ಕೇಜಿನಲ್ಲಿ,” ಎಂದೆ.

ಇಂಜಿನ್ನು

ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು. ಓದಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಮೇಸ್ತ್ರಿಯನ್ನು ಕೂರಿಸಿಕೊಂಡು ಹೇಳಿದರು: “ಊಟದಲ್ಲಿ ಕ್ಯಾಲೊರಿ ಅಂತ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಂಗಾರಪೇಟೆಗೆ ಹೋಗುವ ಗಾಡಿಯ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಾರಲ್ಲ, ಹಾಗೆ. ನಿಮ್ಮ ದುಡಿಮೆಗೆ ದಿನಕ್ಕೆ ಮೂರು ಸಾವಿರ ಬೇಕು ಅಂತಿಟ್ಟುಕೊಳ್ಳಿ. ನೀವು ಅದಕ್ಕಿಂತ ಹೆಚ್ಚು ತಿನ್ನುತ್ತಿದ್ದೀರಿ. ಉಳಿದದ್ದು ಹೊಟ್ಟೆಗೆ ಸೇರುತ್ತಿದೆ. ಇನ್ನು ಮೇಲೆ ಎರಡೂವರೆ ಸಾವಿರ ತಿನ್ನಿ.”

“ಏನೂ ತಿನ್ದೆ ಇದ್ಬುಟ್ರೆ?”

“ಬೇಡ. ಹಸಿದ ಹೊಟ್ಟೆಯಲ್ಲಿ ಬಂಡೆ ಒಡೆದರೆ ತಲೆ ತಿರುಗಿ ಬೀಳುತ್ತೀರಿ. ಮುದ್ದೆ ಕಡಿಮೆ ಮಾಡಿ, ಸೊಪ್ಪು ಹೆಚ್ಚು ಮಾಡಿ. ವಾರಕ್ಕೆ ಒಂದು ಪೌಂಡು ಇಳಿದರೆ ಸಾಕು. ಅದಕ್ಕಿಂತ ಅವಸರ ಒಳ್ಳೆಯದಲ್ಲ.”

ಮಾತು ಸರಿಯಾಗಿತ್ತು. ಈಗಲೂ ಸರಿ. ಮೇಸ್ತ್ರಿ ಕೈಕಟ್ಟಿ ಕೇಳಿದ. ಎದ್ದು ಬಾಗಿಲವರೆಗೆ ಹೋದವನು ತಿರುಗಿ ಬಂದ.

“ಒಂದು ಮಾತು ಸ್ವಾಮಿ. ಇಂಜಿನ್ನಿಗೆ ಕಲ್ಲಿದ್ಲು ಜಾಸ್ತಿ ಆಕುದ್ರೆ ಜೋರಾಗಿ ಓಡ್ತದೆ. ದಪ್ಪ ಆಗಲ್ವಲ್ಲಾ?”

ಡಾಕ್ಟರು ಆಮೇಲೆ ಯಾರಿಗೂ ಇಂಜಿನ್ನಿನ ಉದಾಹರಣೆ ಕೊಡಲಿಲ್ಲ.

ಮುದ್ದೆ ತೂಗಿದ್ದು

ಎರಡೂವರೆ ಸಾವಿರ ಎಂದರೆ ಎಷ್ಟು ಮುದ್ದೆ ಎನ್ನುವುದು ಮುಂದಿನ ಪ್ರಶ್ನೆ. ಡಾಕ್ಟರು ಅನ್ನ ತಿನ್ನುವ ಊರಿನವರು. ಮುದ್ದೆಯ ಗಾತ್ರ ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮಾಡುವ ಒಂದು ಮುದ್ದೆಯನ್ನು ತರಿಸಿ ತೂಗೋಣ ಎಂದರು.

ಮೇಸ್ತ್ರಿಯ ಹೆಂಡತಿ ಬಂದಳು. ತೆಳ್ಳಗೆ, ನೆಟ್ಟಗೆ ಇದ್ದ ಹೆಂಗಸು. ಬಿಳಿ ಬಟ್ಟೆಯಲ್ಲಿ ಸುತ್ತಿ ಎರಡು ಕೈಯಲ್ಲಿ ಹಿಡಿದು ತಂದಳು. ಔಷಧಿಯ ತಕ್ಕಡಿ ಅದನ್ನು ತಡೆಯುವಂತಿರಲಿಲ್ಲ. ಮನುಷ್ಯರನ್ನು ತೂಗುವ ಯಂತ್ರದ ಮುಳ್ಳು ಅಷ್ಟಕ್ಕೆ ಸರಿಯಾಗಿ ಏಳುತ್ತಿರಲಿಲ್ಲ. ನಡುವಿನದು ಒಂದೇ ಇತ್ತು. ಹಸುಗೂಸು ತೂಗುವ ತೊಟ್ಟಿಲ ತಕ್ಕಡಿ. ಅದರಲ್ಲಿ ಮಲಗಿಸಿದೆವು. ಬಟ್ಟೆಯೊಳಗಿಂದ ಹಬೆ ಬರುತ್ತಿತ್ತು.

ಹೆರಿಗೆ ಕೋಣೆಯ ಆಯಾ ಅತ್ತ ಹೋಗುತ್ತಿದ್ದವಳು ನಿಂತಳು. ತೂಕ ನೋಡಿದಳು. ಮುಖ ಸಣ್ಣ ಮಾಡಿಕೊಂಡಳು.

“ತಿಂಗ್ಳು ತುಂಬಿಲ್ಲ ಅನ್ಸ್ತದೆ,” ಎಂದಳು. “ಗಂಡೋ ಎಣ್ಣೋ?”

ಡಾಕ್ಟರು ಮೇಸ್ತ್ರಿಯ ಹೆಂಡತಿಯನ್ನು ಕೇಳಿದರು: “ಇದು ಮನೆಮಂದಿಗೆಲ್ಲ ತಾನೆ ಅಮ್ಮ?”

“ಇಲ್ಲ ಸ್ವಾಮಿ, ಇದು ನೆಂಟ್ರಿಗೆ ಮಾಡೋದು. ನಮ್ಮೆಜಮಾನ್ರುದ್ದು ತರಾಕೆ ಒಬ್ಳ ಕೈಲಿ ಆಗ್ನಿಲ್ಲ.”

ಯಂತ್ರದ ತಪ್ಪು

ಡಾಕ್ಟರು ಅಳತೆ ಕಟ್ಟಿಕೊಟ್ಟರು. ಕೈಯ ಮುಷ್ಟಿ ತೋರಿಸಿ, ಇಷ್ಟು ದೊಡ್ಡ ಮುದ್ದೆ, ಹೊತ್ತಿಗೆ ಒಂದು, ಜೊತೆಗೆ ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಎಂದರು. ಆ ಹೆಂಗಸು ಅದನ್ನು ವ್ರತದಂತೆ ಪಾಲಿಸಿದಳು. ಮೇಸ್ತ್ರಿ ಪ್ರತಿ ಸೋಮವಾರ ಬಂದು ಯಂತ್ರ ಹತ್ತಿದ. ಮುಳ್ಳು ಅಲುಗಲಿಲ್ಲ. ದೀಪಾವಳಿಗೆ ಒಂದು ಪೌಂಡು ಏರಿತು.

ಡಾಕ್ಟರು ಗಂಡ ಹೆಂಡಿರನ್ನು ಕೂರಿಸಿ ವಿಚಾರಿಸಿದರು.

“ಕೋಲಾರಮ್ಮನ ಆಣೆ ಸ್ವಾಮಿ,” ಎಂದಳು ಅವಳು. “ನೀವು ಏಳಿದ್ಕಿಂತ ಒಂದು ತುತ್ತು ಜಾಸ್ತಿ ಆಕಿಲ್ಲ.”

“ನಮ್ಮನೇದು ಅಷ್ಟು ಬಿಟ್ರೆ ಬೇರೆ ತಿಂದಿಲ್ಲ,” ಎಂದ ಮೇಸ್ತ್ರಿ. ಸುಳ್ಳು ಹೇಳುವ ಮುಖವಲ್ಲ.

ಹಾಗಾದರೆ ಯಂತ್ರ ಕೆಟ್ಟಿದೆ ಎಂದರು ಡಾಕ್ಟರು. ನನ್ನನ್ನು ನೋಡಿದರು. ನಾನು ಎಣ್ಣೆ ಹಾಕಿ ಒರೆಸಿ ಇಟ್ಟ ಯಂತ್ರ ಅದು. ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ತಕ್ಕಡಿಯಲ್ಲಿ ತೂಗಿಸಿದ ಒಂದು ಅಕ್ಕಿ ಮೂಟೆ ತರಿಸಿ ಏರಿಸಿದೆ. ತೂಕ ಸರಿಯಾಗಿ ಬಂತು. ಡಾಕ್ಟರಿಗೆ ನಂಬಿಕೆ ಬರಲಿಲ್ಲ. ತಾವೇ ಹತ್ತಿದರು. ಮುಳ್ಳು ನೋಡಿದರು. ಸ್ವಲ್ಪ ಹೊತ್ತು ನಿಂತು ಇಳಿದರು.

ಅಂದಿನಿಂದ ಅವರ ಮಧ್ಯಾಹ್ನದ ಕ್ಯಾರಿಯರಿನಲ್ಲಿ ಒಂದು ಡಬ್ಬಿ ಕಡಿಮೆಯಾಯಿತು. ಯಂತ್ರದ ಮಾತು ಮತ್ತೆ ಎತ್ತಲಿಲ್ಲ.

ಕೆಳಗಿನ ಊಟ

ಮನುಷ್ಯ ಕೆಳಗೆ ಎಷ್ಟು ಉರಿಸುತ್ತಾನೆ ಎಂದು ತಾವೇ ನೋಡಬೇಕೆಂದು ಡಾಕ್ಟರು ಕೇಜು ಹತ್ತಿದರು. ಪೆಟ್ಟಿಗೆ ಹಿಡಿದು ನಾನೂ ಹೋದೆ. ಕೆಳಗೆ ಕುಲುಮೆಯ ಕಾವು. ಬರಿಮೈಯಲ್ಲಿ ಜನ ದುಡಿಯುತ್ತಿದ್ದರು. ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ದುಡಿದ. ಡಾಕ್ಟರು ಕರವಸ್ತ್ರ ಹಿಂಡುತ್ತ, “ಇಷ್ಟು ದುಡಿದರೆ ಇಳಿಯಲೇಬೇಕು,” ಎಂದರು.

ಊಟದ ಹೊತ್ತಾಯಿತು. ಗ್ಯಾಂಗಿನವರು ದೀಪ ನಡುವೆ ಇಟ್ಟು ಸುತ್ತ ಕೂತರು. ಮೇಸ್ತ್ರಿ ತನ್ನ ತಟ್ಟೆಯಲ್ಲಿ ಮುಷ್ಟಿಯಷ್ಟು ಮುದ್ದೆ ಇಟ್ಟುಕೊಂಡ. ಡಾಕ್ಟರು ತಲೆದೂಗಿದರು.

ಆಗ ಮೊದಲನೆಯವನು ಎದ್ದು ತನ್ನ ಪಾತ್ರೆಯಿಂದ ಒಂದು ದೊಡ್ಡ ತುತ್ತು ತೆಗೆದು ಮೇಸ್ತ್ರಿಯ ತಟ್ಟೆಗೆ ಹಾಕಿದ. “ಸಾಪ್ಡುಂಗೊ ಮೇಸ್ತ್ರಿ,” ತಿನ್ನಿ ಎಂದ ತಮಿಳಿನಲ್ಲಿ. ಎರಡನೆಯವನು ಎದ್ದ. “ತಿನಂಡಿ ಮೇಸ್ತ್ರಿ,” ಎಂದ ತೆಲುಗಿನಲ್ಲಿ. ಹೀಗೆ ಏಳೂ ಜನ. ಒಬ್ಬನದು ಅನ್ನ, ಒಬ್ಬನದು ಜೋಳದ ರೊಟ್ಟಿ, ಒಬ್ಬನದು ಮುದ್ದೆ, ಒಬ್ಬನದು ಕರಿದ ಮೀನು. ಮೇಸ್ತ್ರಿ ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡು ತಿಂದ. ಆತ ತಿಂದು ಮುಗಿಸುವವರೆಗೆ ಉಳಿದವರು ಬಾಯಿಗೆ ಏನೂ ಹಾಕಲಿಲ್ಲ.

ಅದು ಆ ಗ್ಯಾಂಗಿನ ಪದ್ಧತಿ. ಎಲ್ಲರಿಗಿಂತ ಹಿರಿಯನಿಗೆ ಮೊದಲ ತುತ್ತು. ಮೇಸ್ತ್ರಿಯ ಮುದ್ದೆ ಸಣ್ಣದಾದ ಮೇಲೆ ಅವರ ತುತ್ತು ದೊಡ್ಡದಾಗಿತ್ತು. ಇಷ್ಟು ವರ್ಷ ಕೆಳಗಿಳಿದು ಕ್ಷೇಮವಾಗಿ ಮೇಲೆ ಬಂದವನು ಮೊದಲು ಉಂಡರೆ ಆ ದಿನ ಎಲ್ಲರೂ ಮೇಲೆ ಬರುತ್ತಾರೆ. ಅವರ ನಂಬಿಕೆ ಅಷ್ಟೇ. ಆ ಜಾಗದಲ್ಲಿ ಕೂತಿದ್ದಾಗ ನನಗೂ ಅದು ತಮಾಷೆಯಾಗಿ ಕಾಣಲಿಲ್ಲ.

ಡಾಕ್ಟರು ಮಾತ್ರ ಎದ್ದು ನಿಂತಿದ್ದರು. “ಮೇಸ್ತ್ರಿ, ಬೇರೆ ಏನೂ ತಿಂದಿಲ್ಲ ಅಂತ ಹೇಳಿದಿರಲ್ಲ?”

“ನಮ್ಮನೇದು ಜಾಸ್ತಿ ತಿಂದಿಲ್ವಲ್ಲ ಸ್ವಾಮಿ.”

“ಮತ್ತೆ ಇದು?”

“ಇದು ಊಟ ಅಲ್ಲ. ಮರ್ವಾದೆ.”

ಡಾಕ್ಟರು ನನ್ನ ಕಡೆ ತಿರುಗಿ, “ಮರ್ಯಾದೆಗೆ ಎಷ್ಟು ಕ್ಯಾಲೊರಿ ಇದೆಯೋ ನಾನು ಓದಿಲ್ಲ,” ಎಂದರು.

ಬೇಡ ಅಂದದ್ದು

ತುತ್ತು ನಿಲ್ಲಿಸಬೇಕು ಎಂದು ಡಾಕ್ಟರು ಅಪ್ಪಣೆ ಮಾಡಿದರು. ಬೇರೆ ದಾರಿ ಇರಲಿಲ್ಲ. ವಾರಕ್ಕೊಂದು ಪೌಂಡಿನ ಲೆಕ್ಕದಲ್ಲಿ ಯುಗಾದಿಗೆ ಉಳಿದ ದಿನ ಅಷ್ಟಕ್ಕಷ್ಟೇ.

ಮರುದಿನ ಮೊದಲನೆಯವನು ತುತ್ತು ಹಿಡಿದು ಬಂದಾಗ ಮೇಸ್ತ್ರಿ ತಟ್ಟೆಗೆ ಕೈ ಅಡ್ಡ ಇಟ್ಟ. “ಬೇಡ ಕಣ್ಲಾ.” ಅವನು ನಿಂತೇ ಇದ್ದ. ಎರಡನೆಯವನು ಏಳಲಿಲ್ಲ. ಆ ದಿನ ಕೆಳಗೆ ಯಾರೂ ಉಣ್ಣಲಿಲ್ಲ. ತುಂಬಿದ ಪಾತ್ರೆಗಳು ಹಾಗೇ ಮೇಲೆ ಬಂದವು.

ತುಂಬಿದ ಪಾತ್ರೆ ಮನೆಗೆ ಬಂದರೆ ಕೂಲಿಮನೆಗಳ ಲೈನಿನ ಹೆಂಗಸರು ಸುಮ್ಮನಿರುವವರಲ್ಲ. ಸಂಜೆಯೊಳಗೆ ಏಳು ಮನೆಯವರೂ ಮೇಸ್ತ್ರಿಯ ಬಾಗಿಲಲ್ಲಿದ್ದರು. ಪಕ್ಕದ ಮನೆಯವನೊಬ್ಬನ ಗಾಯದ ಪಟ್ಟಿ ಬದಲಾಯಿಸಲು ನಾನು ಅಲ್ಲಿಗೆ ಹೋಗಿದ್ದೆ.

“ನನ್ನ ಗಂಡ ಏನು ತಪ್ಪು ಮಾಡ್ದ ಏಳಕ್ಕಾ?” ಎಂದಳು ಒಬ್ಬಳು.

“ಯಾರೂ ಏನೂ ಮಾಡಿಲ್ಲ ಕಣಮ್ಮಾ. ಇವ್ರು ಸಣ್ಣ ಆಗ್ಬೇಕಂತೆ.”

“ಸಣ್ಣ ಆಗಾಕೆ ನಮ್ಮನೆ ಮೀನೇ ಬೇಡ್ವಾಯ್ತಾ? ನಿಮ್ಮನೆ ಮುದ್ದೆ ಬೇಡ ಅನ್ನಾಕೆ ಆಗ್ನಿಲ್ವಾ?”

ಇನ್ನೊಬ್ಬಳು ಸೆರಗು ಕಣ್ಣಿಗೆ ಒತ್ತಿಕೊಂಡಳು. “ಮೇಸ್ತ್ರಿ ಉಣ್ನಿಲ್ಲ ಅಂದ್ರೆ ನಾಳೆ ನಮ್ಮೋನು ಇಳಿಯಲ್ವಂತೆ.”

ಮೇಸ್ತ್ರಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ. ಮರುದಿನ ತಟ್ಟೆಯಿಂದ ಕೈ ತೆಗೆದ. ಗ್ಯಾಂಗಿನವರು ಹಿಂದಿನ ದಿನದ ಬಾಕಿ ಸೇರಿಸಿ ಎರಡೆರಡು ತುತ್ತು ಹಾಕಿದರು.

ಹಿರಿಯರು

ಮೇಸ್ತ್ರಿ ಸೋಮವಾರ ಬಂದು ಬೆಂಚಿನ ಮೇಲೆ ಕೂತ. ಯಂತ್ರ ಹತ್ತಲಿಲ್ಲ.

“ಬ್ಯಾಡ ಸ್ವಾಮಿ. ದೊರೆಗೆ ಏಳ್ಬುಡ್ತೀನಿ. ಗ್ಯಾಂಗು ಬೇರೇರ್ಗೆ ಕೊಡ್ಲಿ. ತುತ್ತು ತಿಂದ್ರೆ ಕಿಂಡೀಲಿ ಸಿಕ್ಕಾಕ್ಕಂಡು ಉಡುಗ್ರನ್ನ ಸಾಯಿಸ್ತೀನಿ. ತಿನ್ದೆ ಇದ್ರೆ ಅವ್ರು ಎದೆ ಒಡ್ದು ಸಾಯ್ತಾರೆ.”

ಡಾಕ್ಟರು ಪೆನ್ನು ಕೆಳಗಿಟ್ಟರು.

ಮೇಸ್ತ್ರಿಯ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಅವಳು ಕೇಳಿದಳು: “ತುತ್ತು ಇವ್ರಿಗಾ, ಇರೀಕ್ರಿಗಾ?”

“ಹಿರಿಯರಿಗೆ,” ಎಂದೆ ನಾನು.

“ಅಂಗಾದ್ರೆ ಇವ್ರಿಗಿಂತ ಇರೀಕ್ರನ್ನ ಗ್ಯಾಂಗಿಗೆ ಸೇರ್ಸಿ. ನಮ್ಮಪ್ಪ ಅವ್ರೆ.”

ಅವಳ ಅಪ್ಪ ಮಾರಿಕುಪ್ಪಂನ ಮರದ ಅಂಗಳದಲ್ಲಿ ದಿಮ್ಮಿ ಕೊಯ್ಯುತ್ತಿದ್ದ. ತಂತಿಯಂಥ ಮೈ. ವಯಸ್ಸು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಕೆಳಗೆ ಬಂಡೆ ಕುಸಿಯದಂತೆ ಮರದ ಆನಿಕೆ ಕೊಡುವವನು ಒಬ್ಬ ಬೇಕು ಎಂದು ಮೇಸ್ತ್ರಿ ಕೇಳಿದ. ಕ್ಯಾಪ್ಟನ್ ಒಪ್ಪಿದ. ಮುದುಕ ಬಂದು ಮಗಳ ಮನೆಯಲ್ಲೇ ಉಳಿದ. ಅಳಿಯನ ಗ್ಯಾಂಗಿಗೆ ಸೇರಿದ.

ಮೊದಲ ದಿನ ಊಟಕ್ಕೆ ಕೂತಾಗ ಏಳೂ ಜನ ತುತ್ತು ಹಿಡಿದು ಎದ್ದರು. ಯಾರ ಕಡೆ ಹೋಗಬೇಕೆಂದು ತಿಳಿಯದೆ ನಿಂತರು. ಮೇಸ್ತ್ರಿಯೇ ಮೊದಲು ತನ್ನ ಮುದ್ದೆಯಿಂದ ಒಂದು ತುತ್ತು ಮುರಿದು ಮಾವನ ತಟ್ಟೆಗೆ ಹಾಕಿದ. ಉಳಿದವರು ಹಿಂದೆ ಬಂದರು. ಇದನ್ನು ನನಗೆ ಹೇಳಿದವನು ಆ ಏಳರಲ್ಲಿ ಒಬ್ಬ.

ಮುದುಕ ತುಂಬಿದ ತಟ್ಟೆ ಎತ್ತಿಕೊಂಡು ದಿಮ್ಮಿಗಳ ಮರೆಗೆ ಹೋದ. ಅಲ್ಲಿಂದ ಕೂಗಿ ಹೇಳಿದ: “ತಪ್ಪು ತಿಳೀಬ್ಯಾಡ್ರಪ್ಪಾ. ಅಳೀಂದಿರ ಕಣ್ಣು ತಟ್ಟೆ ಮೇಲೇ ಐತೆ. ನಂಗೆ ಅರಗಲ್ಲ.”

ಮರೆಯಿಂದ ಖಾಲಿ ತಟ್ಟೆ ತಂದು ತೋರಿಸಿದ ಮೇಲೆ ಉಳಿದವರು ಉಂಡರು. ದಿನವೂ ಹಾಗೇ ನಡೆಯಿತು.

ಯುಗಾದಿಯ ಹಿಂದಿನ ವಾರ

ಮುಳ್ಳು ಇಳಿಯತೊಡಗಿತು. ವಾರಕ್ಕೊಂದು ಪೌಂಡು, ಡಾಕ್ಟರು ಹೇಳಿದಂತೆ. ಒಂದು ವಾರ ಜ್ವರ ಬಂದು ಎರಡು ಪೌಂಡು ಹೋಯಿತು. ಡಾಕ್ಟರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮೇಸ್ತ್ರಿ ಹಿಡಿದ.

ತೂಗುವ ದಿನ ಕ್ಯಾಪ್ಟನ್ ದೊರೆಯೇ ದವಾಖಾನೆಗೆ ಬಂದ. ಗ್ಯಾಂಗಿನವರು ಪಾಳಿ ಮುಗಿಸಿ, ಮುಖವನ್ನೂ ತೊಳೆಯದೆ ಕಿಟಕಿಗಳಲ್ಲಿ ತುಂಬಿದ್ದರು. ಮೇಸ್ತ್ರಿ ಅಂಗಿ ತೆಗೆದ. ಉಡಿದಾರದಲ್ಲಿದ್ದ ಬೀಗದ ಕೈಯನ್ನೂ ತೆಗೆದು ನನಗೆ ಕೊಟ್ಟ. ಯಂತ್ರ ಹತ್ತಿ ಕಣ್ಣು ಮುಚ್ಚಿಕೊಂಡ.

ನಾನು ಮುಳ್ಳು ನೋಡಿದೆ. ಇನ್ನೊಮ್ಮೆ ನೋಡಿದೆ. “ಹದಿನಾರು ಇಳಿದಿದೆ,” ಎಂದೆ.

ಕಿಟಕಿಗಳಲ್ಲಿ ಕೂಗೆದ್ದಿತು. ಕ್ಯಾಪ್ಟನ್ ತನ್ನ ಅರೆಬರೆ ತಮಿಳಿನಲ್ಲಿ, ನಾಳೆ ಇಳಿ, ಗ್ಯಾಂಗು ನಿನ್ನದೇ ಎಂದು ಹೇಳಿ ಹೊರಟುಹೋದ. ಮೇಸ್ತ್ರಿ ಯಂತ್ರದ ಮೇಲೆ ನಿಂತೇ ಅತ್ತ. ಇಳಿಯಿರಿ ಎಂದು ನಾನು ಹೇಳಬೇಕಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಡಾಕ್ಟರಿಗೆ ಒಂದು ಸಂಶಯ ಉಳಿದಿತ್ತು. “ಇಷ್ಟು ದಿನ ಆ ತುತ್ತುಗಳನ್ನೆಲ್ಲ ತಿಂದವರು ಮಾವನವರು. ಅವರನ್ನೂ ಒಮ್ಮೆ ತೂಗಿ,” ಎಂದರು. ಅವರ ಮುಖದಲ್ಲಿ ಹೊಸ ಚಿಂತೆ ಇತ್ತು. ಆ ಕಿಂಡಿಯಲ್ಲಿ ಇನ್ನು ಮುದುಕ ಸಿಕ್ಕಿಕೊಂಡರೆ?

ಮುದುಕ ಹತ್ತಿದ. ಗ್ಯಾಂಗಿಗೆ ಸೇರಿದ ದಿನ ನಾನು ತೂಗಿ ಬರೆದುಕೊಂಡಿದ್ದಷ್ಟೇ ಇದ್ದ.

“ಸಾಧ್ಯವಿಲ್ಲ,” ಎಂದರು ಡಾಕ್ಟರು. “ತಿಂದದ್ದು ಉರಿಯಬೇಕು, ಇಲ್ಲ ಮೈಗೆ ಹತ್ತಬೇಕು. ಎಲ್ಲಾದರೂ ಹೋಗಲೇಬೇಕು. ಅಷ್ಟೂ ತುತ್ತು ನೀವು ತಿಂದಿರಾ ತಾತ?”

ಮುದುಕ ಅಳಿಯನ ಕಡೆ ನೋಡಿದ. ನೆಲ ನೋಡಿದ. “ನಂಗೆ ಎಲ್ಡು ಲೋಟ ಅಂಬ್ಲಿ ಮ್ಯಾಗೆ ಸೇರಲ್ಲ ಸ್ವಾಮಿ. ಮೊದಲ್ನಿಂದಾನೂ ಅಷ್ಟೆ. ದಿನಾ ಒಂದೇ ಒಂದು ತುತ್ತು ತಿಂದೆ. ಮಿಕ್ಕಿದ್ದು ಕ್ಯಾರಿಯರಲ್ಲಿ ಆಕ್ಕಂಡು ಮನೆಗೆ ತಂದೆ. ಚಿನ್ನ ಐತಾ ಅಂತ ಗೇಟಿನೋನು ದಿನಾ ಕಡ್ಡಿ ಚುಚ್ಚಿ ನೋಡೋನು.”

“ಮನೆಗೆ ತಂದು?”

ಮುದುಕ ಯಂತ್ರದಿಂದ ಇಳಿದ.

“ಬಿಸಾಡಿದಿರಾ?”

“ಯಾವನಾರಾ ಮರ್ವಾದೆನ ಬಿಸಾಕ್ತಾನಾ? ಕೊಟ್ಟೋರಿಗೇ ತಿರ್ಗಿ ಕೊಡಾಕಾಯ್ತದಾ? ಅಳೀಂದಿರಿಗೆ ಕೊಟ್ರೆ ನೀವು ಬಿಡ್ತೀರಾ?”

ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು.

ಮೇಸ್ತ್ರಿಯ ಹೆಂಡತಿ ಅಲ್ಲಿ ನಿಂತಿದ್ದಳು. ಹೊಸ್ತಿಲು ತುಂಬಿ ನಿಂತಿದ್ದಳು. ನಾನು ಆರು ತಿಂಗಳಿಂದ ಮುಳ್ಳನ್ನೇ ನೋಡುತ್ತಿದ್ದೆ. ಅವಳನ್ನು ನೋಡಿರಲಿಲ್ಲ. ಡಾಕ್ಟರು ಗಂಡನ ಹೊಟ್ಟೆಯನ್ನೇ ನೋಡುತ್ತಿದ್ದರು. ಗಂಡ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಹಬ್ಬಕ್ಕೆ ತೊಡಿಸಿದ ಹಸಿರು ಬಳೆಗಳು ಹೊಸ ಅಳತೆಯವು. ಆದರೂ ಮೊಣಕೈ ಕಡೆ ಸರಿಯುವಂತಿರಲಿಲ್ಲ. ಬೇರೆ ಯಾರಿಗೆ ತಿಳಿಯದಿದ್ದರೂ ಬಳೆಗಾರನಿಗೆ ತಿಳಿದಿತ್ತು.

ಡಾಕ್ಟರು ನಿಧಾನವಾಗಿ ಯಂತ್ರದ ಕಡೆ ಕೈ ತೋರಿಸಿದರು. “ಅಮ್ಮ, ಸ್ವಲ್ಪ ಹೀಗೆ ಬನ್ನಿ.”

ಅವಳು ಕದಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನನ್ನನ್ಯಾಕೆ ಕರೀತೀರಾ ಸ್ವಾಮಿ?” ಎಂದಳು. “ನಾನೇನು ಏಣಿ ಅತ್ಬೇಕಾ?”